ಕೊಬ್ಬು, ಕ್ಯಾನ್ಸರ್ ಮತ್ತು ಮ್ಯಾಡಿಸನ್ನಿನ ಬಾಣಲೆ

ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದ ವಾರ ನಮ್ಮ ಮನೆಯಲ್ಲಿ ಮೊದಲು ನಿಂತದ್ದು ತುಪ್ಪ. ಡಾಕ್ಟರು ಹೇಳಿರಲಿಲ್ಲ. ಪಥ್ಯವೆಂದರೆ ಜಿಡ್ಡು ಬಿಡುವುದು ಎಂಬ ಹಳೆಯ ನಂಬಿಕೆಯೇ ಚಮಚ ಹಿಡಿದ ಕೈಯನ್ನು ತಡೆದಿತ್ತು. ಮುಂದಿನ ವಾರ ಊರಿಂದ ಬಂದ ನೆಂಟರೊಬ್ಬರು ನಾಟಿ ಹಸುವಿನ ತುಪ್ಪದ ಡಬ್ಬಿ ಇಟ್ಟು, ಇದೇ ಕ್ಯಾನ್ಸರಿಗೆ ಮದ್ದು, ದಿನಾ ಎರಡು ಚಮಚ ಬರೀ ಹೊಟ್ಟೆಗೆ ಕೊಡಿ ಎಂದರು. ಅದಾದ ಮೇಲೆ ಹೊರದೇಶದಲ್ಲಿರುವ ತಮ್ಮ ಒಂದು ಬಾಟಲಿ ಮಾತ್ರೆ ಕಳಿಸಿದ. ಲೇಬಲ್ಲಿನ ಮೇಲೆ ಸಿ.ಎಲ್.ಎ. ಎಂಬ ಮೂರು ಅಕ್ಷರ. ಕೆಳಗೆ ಸಣ್ಣಗೆ, ಕುಸುಬೆ ಎಣ್ಣೆಯಿಂದ ತಯಾರಿಸಿದ್ದು ಎಂದಿತ್ತು. ದೊಡ್ಡಮ್ಮ ಡಬ್ಬಿಯನ್ನೂ ಬಾಟಲಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು, "ನೀನು ಓದಿಕೊಂಡವನಲ್ವೇನೋ, ಬಿಡಬೇಕೋ ತಿನ್ನಬೇಕೋ ಹೇಳಪ್ಪ" ಎಂದರು.

ಕೂಡಲೇ ಹೇಳಲು ನನಗಾಗಲಿಲ್ಲ. ತಿನ್ನುವ ಕೊಬ್ಬಿಗೂ ಕ್ಯಾನ್ಸರಿಗೂ ಏನು ನಂಟು ಎಂದು ಪ್ರಯೋಗಾಲಯಗಳು ತೊಂಬತ್ತು ವರ್ಷಕ್ಕೂ ಮೇಲ್ಪಟ್ಟು ಕೇಳುತ್ತ ಬಂದಿವೆ. ಆ ಬಾಟಲಿಯ ಮೂರು ಅಕ್ಷರಗಳ ಹಿಂದಂತೂ ಒಬ್ಬ ವಿಜ್ಞಾನಿಯ ದಶಕಗಳ ದುಡಿಮೆಯಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮೈಕೆಲ್ ಪರೀಜಾ ಅವರ ಕೆಲಸವನ್ನು ಮೊದಲಿನಿಂದ ಹಿಡಿದು ಓದುತ್ತ ಬಂದರೆ, ದೊಡ್ಡಮ್ಮನ ಪ್ರಶ್ನೆ ಎಲ್ಲಿ ಬಗೆಹರಿದಿದೆ, ಎಲ್ಲಿ ಇನ್ನೂ ಗಂಟಾಗಿಯೇ ಉಳಿದಿದೆ ಎಂಬುದು ಕಾಣುತ್ತದೆ.

ಪರೀಜಾ ಕೆಲಸ ಶುರುಮಾಡುವ ಹೊತ್ತಿಗೆ ಕೊಬ್ಬಿನ ಮೇಲೆ ಆರೋಪಪಟ್ಟಿ ಸಿದ್ಧವಾಗಿತ್ತು. 1930ರಲ್ಲಿ ಇಂಗ್ಲೆಂಡಿನ ವಾಟ್ಸನ್ ಮತ್ತು ಮೆಲನ್‌ಬಿ, ಟಾರು ಸವರಿದ ಸುಂಡಿಲಿಗಳ ಆಹಾರಕ್ಕೆ ಬೆಣ್ಣೆ ಸೇರಿಸಿದರೆ ಚರ್ಮದ ಗಡ್ಡೆಗಳು ಹೆಚ್ಚುತ್ತವೆ ಎಂದು ತೋರಿಸಿದ್ದರು. 1942ರಲ್ಲಿ ಶಿಕಾಗೋದ ಆಲ್ಬರ್ಟ್ ಟ್ಯಾನೆನ್‌ಬಾಮ್ ಅದನ್ನು ಇನ್ನಷ್ಟು ಶಿಸ್ತಿನಿಂದ ಪರೀಕ್ಷಿಸಿದರು. ಒಟ್ಟು ಕ್ಯಾಲೊರಿ ಕಡಿಮೆ ಮಾಡಿದರೆ ಗಡ್ಡೆಗಳೂ ಕಡಿಮೆಯಾಗುತ್ತವೆ ಎಂದು ಅವರು ಕಂಡದ್ದು ಇಂದಿಗೂ ಅಲುಗಿಲ್ಲ. ಆಮೇಲೆ ಕೆನಡಾದ ಕೆನೆತ್ ಕ್ಯಾರಲ್ ಇಲಿಗಳ ಜೊತೆಗೆ ದೇಶಗಳ ಲೆಕ್ಕವನ್ನೂ ಮುಂದಿಟ್ಟರು: ಯಾವ ದೇಶದಲ್ಲಿ ತಲೆಗೆ ಹೆಚ್ಚು ಕೊಬ್ಬು ಬೀಳುತ್ತದೋ ಅಲ್ಲಿ ಸ್ತನ ಕ್ಯಾನ್ಸರಿನ ಸಾವೂ ಹೆಚ್ಚು. 1975ರಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ರಿಚರ್ಡ್ ಡಾಲ್ ಇಂಥದೇ ನಕ್ಷೆ ಕೊಟ್ಟರು. 1982ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ, ಊಟದ ಶಕ್ತಿಯಲ್ಲಿ ಕೊಬ್ಬಿನ ಪಾಲನ್ನು ಶೇ. 40ರಿಂದ 30ಕ್ಕೆ ಇಳಿಸಿ ಎಂದು ಸಲಹೆ ಮಾಡಿತು. ದೇಶಗಳನ್ನು ಹೋಲಿಸುವ ಲೆಕ್ಕದಲ್ಲಿ ಒಂದು ಕುಂದಿದೆ. ಕೊಬ್ಬು ಹೆಚ್ಚು ತಿನ್ನುವ ದೇಶದಲ್ಲಿ ಕಾರುಗಳೂ ಹೆಚ್ಚು, ತಡವಾದ ಹೆರಿಗೆಗಳೂ ಹೆಚ್ಚು, ಮೈಬೊಜ್ಜೂ ಹೆಚ್ಚು. ಕೊಬ್ಬೊಂದನ್ನೇ ಕಟಕಟೆಗೆ ತಂದು ನಿಲ್ಲಿಸಲು ಆ ನಕ್ಷೆ ಸಾಲದು.

ಪರೀಜಾ ಸೂಕ್ಷ್ಮಾಣುವಿಜ್ಞಾನ ಓದಿದವರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯವಿರುವ ಮ್ಯಾಡಿಸನ್ನಿನ ಮ್ಯಾಕಾರ್ಡ್ಲ್ ಕ್ಯಾನ್ಸರ್ ಪ್ರಯೋಗಾಲಯದಲ್ಲಿ ವ್ಯಾನ್ ಪಾಟರ್ ಅವರ ಕೈಕೆಳಗೆ ಪಳಗಿ, ಅದೇ ಊರಿನ ಆಹಾರ ಸಂಶೋಧನಾ ಸಂಸ್ಥೆಗೆ ಸೇರಿದರು. ಆ ಸಂಸ್ಥೆಯ ಮೂಲ ಕಸುಬು ಕೆಟ್ಟ ಆಹಾರದ ವಿಷಗಳನ್ನು ಹುಡುಕುವುದು. ಸುಟ್ಟ ಮೀನಿನ ಕರಿಯಲ್ಲಿ ವಂಶವಾಹಿಯನ್ನು ಕೆಡಿಸುವ ವಸ್ತುಗಳಿವೆ ಎಂದು ಜಪಾನಿನ ತಕಾಶಿ ಸುಗಿಮುರಾ ತಂಡ ಆಗಷ್ಟೇ ತೋರಿಸಿತ್ತು. ಪರೀಜಾ ಅದೇ ಪ್ರಶ್ನೆಯನ್ನು ಅಮೆರಿಕನ್ನರ ನಿತ್ಯದ ಊಟಕ್ಕೆ ಕೇಳಿದರು: ಕೊಚ್ಚಿದ ದನದ ಮಾಂಸದ ಬಿಲ್ಲೆಯನ್ನು ಬಾಣಲೆಯಲ್ಲಿ ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತು ಹುರಿದರೆ ಆ ವಸ್ತುಗಳು ಹುಟ್ಟುತ್ತವೆ?

ಅಳೆಯುವ ಉಪಾಯ ಸರಳ. ಬ್ರೂಸ್ ಏಮ್ಸ್ ರೂಪಿಸಿದ ಪರೀಕ್ಷೆಯಲ್ಲಿ ಸಾಲ್ಮೊನೆಲ್ಲಾದ ಒಂದು ಊನ ತಳಿಯನ್ನು ಬಳಸುತ್ತಾರೆ. ಅದಕ್ಕೆ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವನ್ನು ತಾನೇ ಮಾಡಿಕೊಳ್ಳಲು ಬಾರದು. ಹಿಸ್ಟಿಡಿನ್ ಇಲ್ಲದ ತಟ್ಟೆಯಲ್ಲಿ ಅದು ಬೆಳೆಯದೆ ಸುಮ್ಮನೆ ಬಿದ್ದಿರುತ್ತದೆ. ಪರೀಕ್ಷಿಸಬೇಕಾದ ವಸ್ತುವನ್ನು ಹಾಕಿದಾಗ ಅದರ ವಂಶವಾಹಿ ಮತ್ತೊಮ್ಮೆ ತಿರುಚಿಕೊಂಡರೆ, ಕೆಲವು ಜೀವಕೋಶಗಳು ಕಳೆದುಕೊಂಡ ಶಕ್ತಿಯನ್ನು ಮರಳಿ ಪಡೆದು ಬೆಳೆಯತೊಡಗುತ್ತವೆ. ಎರಡು ದಿನ ಬಿಟ್ಟು ನೋಡಿದರೆ ತಟ್ಟೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು. ಚುಕ್ಕೆ ಹೆಚ್ಚಿದಷ್ಟೂ ಅಪಾಯ ಹೆಚ್ಚು. 1979ರಲ್ಲಿ ಹುರಿದ ಮಾಂಸದ ಲೆಕ್ಕ ಪ್ರಕಟವಾಯಿತು. ಅದರ ಜೊತೆಗೇ ಯಾರೂ ಹುಡುಕದಿದ್ದ ಒಂದು ಸಂಗತಿ ಎದುರಾಯಿತು. ಮಾಂಸದ ಸಾರದಲ್ಲಿ ಚುಕ್ಕೆ ಹೆಚ್ಚಿಸುವ ವಸ್ತುವಿನ ಪಕ್ಕದಲ್ಲೇ ಚುಕ್ಕೆ ಇಳಿಸುವ ಇನ್ನೊಂದು ವಸ್ತುವೂ ಇತ್ತು.

ಇಂಥ ಹೊತ್ತಿನಲ್ಲಿ ಲೆಕ್ಕ ತಪ್ಪಿರಬೇಕು ಎಂದು ತಟ್ಟೆಯನ್ನು ಬಿಸಾಡುವುದು ಸುಲಭ. ಪರೀಜಾ ಬಿಸಾಡಲಿಲ್ಲ. ಅವರ ವೃತ್ತಿಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಹುಡುಕಲು ಹೊರಟದ್ದು ಕ್ಯಾನ್ಸರ್ ತರುವ ವಸ್ತುವನ್ನು, ಸಿಕ್ಕಿದ್ದು ತಡೆಯುವಂಥದ್ದು. ಅದರ ಹೆಸರು ಹಿಡಿಯಲು ಎಂಟು ವರ್ಷ ಬೇಕಾಯಿತು. 1985ರಲ್ಲಿ ಅರೆಶುದ್ಧ ಸಾರವನ್ನು ಸುಂಡಿಲಿಗಳ ಚರ್ಮಕ್ಕೆ ಸವರಿ, ಗಡ್ಡೆಗಳು ಕಡಿಮೆಯಾದದ್ದನ್ನು ಕಂಡರು. 1987ರಲ್ಲಿ ಯಂಗ್ ಹಾ, ಗ್ರಿಮ್ ಮತ್ತು ಪರೀಜಾ ವಸ್ತು ಯಾವುದೆಂದು ಪ್ರಕಟಿಸಿದರು. ಬಲವಾದ ಕ್ಯಾನ್ಸರ್‌ಕಾರಕವೊಂದನ್ನು ಹಚ್ಚುವ ಏಳು ದಿನ ಮುಂಚೆ, ಮೂರು ದಿನ ಮುಂಚೆ, ಮತ್ತೆ ಐದು ನಿಮಿಷ ಮುಂಚೆ ಆ ಆಮ್ಲವನ್ನು ಸವರಿದ ಪ್ರಾಣಿಗಳಲ್ಲಿ ಗಡ್ಡೆಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದಿತ್ತು.

ಆ ವಸ್ತುವೇ ಕಾಂಜುಗೇಟೆಡ್ ಲಿನೋಲಿಯಿಕ್ ಆಮ್ಲ, ಅಂದರೆ ಸಿ.ಎಲ್.ಎ. ಲಿನೋಲಿಯಿಕ್ ಆಮ್ಲ ನಮಗೆ ಹೊಸದಲ್ಲ. ಸೂರ್ಯಕಾಂತಿ, ಸೋಯಾ, ಹುಚ್ಚೆಳ್ಳು ಎಣ್ಣೆಗಳಲ್ಲಿ ಅದೇ ಮುಖ್ಯ. ಬಿಜಾಪುರ, ಕಲಬುರ್ಗಿಯ ಎರೆ ಹೊಲಗಳಲ್ಲಿ ಹಿಂಗಾರಿಗೆ ಬೆಳೆಯುವ ಕುಸುಬೆಯ ಎಣ್ಣೆಯಲ್ಲಂತೂ ಮುಕ್ಕಾಲು ಪಾಲು ಅದೇ. ಹದಿನೆಂಟು ಇಂಗಾಲದ ಸರಪಳಿ, ಅದರಲ್ಲಿ ಒಂಬತ್ತನೆಯ ಮತ್ತು ಹನ್ನೆರಡನೆಯ ಜಾಗದಲ್ಲಿ ದ್ವಿಬಂಧಗಳು. ಸಿ.ಎಲ್.ಎ.ಯಲ್ಲೂ ಅಷ್ಟೇ ಇಂಗಾಲ, ಅಷ್ಟೇ ಜಲಜನಕ, ಅಷ್ಟೇ ಆಮ್ಲಜನಕ. ಒಂದು ದ್ವಿಬಂಧ ಮಾತ್ರ ಒಂದು ಮನೆ ಸರಿದಿರುತ್ತದೆ: ಒಂಬತ್ತು-ಹನ್ನೊಂದು, ಇಲ್ಲವೇ ಹತ್ತು-ಹನ್ನೆರಡು. ಈಗ ಇದರ ಪಕ್ಕದಲ್ಲಿ ಇನ್ನೊಂದು ಪ್ರಯೋಗ ಇಟ್ಟು ನೋಡಿ. ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ರಾಸ್‌ವೆಲ್ ಪಾರ್ಕ್ ಸಂಸ್ಥೆಯ ಕ್ಲೆಮೆಂಟ್ ಇಪ್, 1985ರಲ್ಲಿ ಹೆಣ್ಣಿಲಿಗಳಿಗೆ ಲಿನೋಲಿಯಿಕ್ ಆಮ್ಲ ಕೊಟ್ಟು, ಆಹಾರದಲ್ಲಿ ಅದರ ಪಾಲು ಶೇ. 4ರ ಆಸುಪಾಸಿಗೆ ಏರುವವರೆಗೆ ಸ್ತನದ ಗಡ್ಡೆಗಳೂ ಏರುತ್ತ ಹೋಗುತ್ತವೆ ಎಂದು ತೋರಿಸಿದ್ದರು. ಒಂದು ಗಡ್ಡೆಯನ್ನು ಬೆಳೆಸುತ್ತದೆ. ಒಂದೇ ಒಂದು ಬಂಧ ಸರಿದ ಅದರ ಒಡಹುಟ್ಟು ಗಡ್ಡೆಯನ್ನು ತಡೆಯುತ್ತದೆ. ಕೊಬ್ಬು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ ಎನ್ನಲು ಇದೊಂದು ಸಾಕು.

1991ರಲ್ಲಿ ಇಪ್ ಮತ್ತು ಪರೀಜಾ ಸೇರಿ ಮಾಡಿದ ಪ್ರಯೋಗ ಈ ಕ್ಷೇತ್ರದ ಆಧಾರಸ್ತಂಭ. ಆಹಾರದಲ್ಲಿ ಸಿ.ಎಲ್.ಎ. ಶೇ. 0.5, 1, 1.5ರಷ್ಟು ಬೆರೆಸಿದಾಗ ಇಲಿಗಳ ಸ್ತನದ ಗಡ್ಡೆಗಳ ಒಟ್ಟು ಸಂಖ್ಯೆ ಕ್ರಮವಾಗಿ ಶೇ. 32, 56, 60ರಷ್ಟು ಇಳಿಯಿತು. ಮೀನೆಣ್ಣೆಯಿಂದ ಇಂಥ ಫಲ ಬರಬೇಕಾದರೆ ಇದರ ಹಲವು ಪಟ್ಟು ಬೇಕು. 1996ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ವರದಿ, ಪ್ರಯೋಗದ ಪ್ರಾಣಿಗಳಲ್ಲಿ ಕ್ಯಾನ್ಸರನ್ನು ನಿಸ್ಸಂಶಯವಾಗಿ ತಡೆದ ಕೊಬ್ಬಿನಾಮ್ಲ ಇದೊಂದೇ ಎಂದು ಬರೆಯಿತು. ಆ ವಾಕ್ಯದ ಒಳಗೇ ಅದರ ಎಲ್ಲೆಯೂ ಇದೆ: ಪ್ರಯೋಗದ ಪ್ರಾಣಿಗಳಲ್ಲಿ.

ಮಾಂಸಕ್ಕೆ ಈ ಆಮ್ಲ ಬಂದದ್ದು ಎಲ್ಲಿಂದ? ಬಾಣಲೆಯ ಬಿಸಿಯಿಂದ ಎಂದು 1987ರ ಪ್ರಬಂಧದ ತಲೆಬರಹವೇ ಹೇಳುತ್ತಿತ್ತು. ಮುಖ್ಯ ಮೂಲ ಅದಲ್ಲ ಎಂದು ಆಮೇಲೆ ಸ್ಪಷ್ಟವಾಯಿತು. ಹಸು ಮೇದ ಹುಲ್ಲಿನ ಲಿನೋಲಿಯಿಕ್ ಆಮ್ಲವನ್ನು ಅದರ ಮೊದಲ ಹೊಟ್ಟೆಯಲ್ಲಿರುವ ಬ್ಯುಟಿರಿವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಮಾರ್ಪಡಿಸುತ್ತದೆ. ಉಳಿದದ್ದನ್ನು ಕೆಚ್ಚಲಿನಲ್ಲಿರುವ ಒಂದು ಕಿಣ್ವ ಪೂರೈಸುತ್ತದೆ. ಹಾಗಾಗಿ ಮೆಲುಕು ಹಾಕುವ ಪ್ರಾಣಿಗಳ ಹಾಲು, ಬೆಣ್ಣೆ, ತುಪ್ಪ, ಮಾಂಸದಲ್ಲೆಲ್ಲ ಸಿ.ಎಲ್.ಎ. ಇರುತ್ತದೆ. ಬಯಲಲ್ಲಿ ಹಸಿರು ಮೇಯುವ ಹಸುವಿನ ಹಾಲಿನಲ್ಲಿ, ಕೊಟ್ಟಿಗೆಯಲ್ಲೇ ಹಿಂಡಿ ಕಾಳು ತಿನ್ನುವ ಹಸುವಿನದಕ್ಕಿಂತ ಎಷ್ಟೋ ಹೆಚ್ಚು. ನಮ್ಮ ನೆಂಟರ ಡಬ್ಬಿಯ ಮಾತಿಗೆ ಇಷ್ಟರ ಮಟ್ಟಿಗೆ ಬುನಾದಿಯಿದೆ.

ಈಗ ಆ ಡಬ್ಬಿಯನ್ನು ತಕ್ಕಡಿಗೆ ಹಾಕೋಣ. ಹಾಲಿನ ಕೊಬ್ಬಿನ ಒಂದು ಗ್ರಾಮಿನಲ್ಲಿ ಸಾಮಾನ್ಯವಾಗಿ 3ರಿಂದ 6 ಮಿಲಿಗ್ರಾಂ ಸಿ.ಎಲ್.ಎ. ಇಲಿಗಳಲ್ಲಿ ಕೆಲಸ ಮಾಡಿದ ಪ್ರಮಾಣವನ್ನು ಮೈತೂಕಕ್ಕೆ ತಕ್ಕಂತೆ ಮನುಷ್ಯರಿಗೆ ಹಿಗ್ಗಿಸಿದರೆ, 70 ಕೆ.ಜಿ. ತೂಗುವವರಿಗೆ ದಿನಕ್ಕೆ ಸುಮಾರು 3 ಗ್ರಾಂ ಬೇಕು ಎಂದು ಇಪ್ ಅಂದಾಜು ಮಾಡಿದ್ದರು. ಎರಡು ಚಮಚ, ಅಂದರೆ ಹತ್ತು ಗ್ರಾಂ ತುಪ್ಪದಲ್ಲಿ ಸಿಗುವುದು 30ರಿಂದ 60 ಮಿಲಿಗ್ರಾಂ. ಮೂರು ಗ್ರಾಂ ಬೇಕಾದರೆ ದಿನಕ್ಕೆ ಅರ್ಧ ಕಿಲೋದಿಂದ ಒಂದು ಕಿಲೋ ತುಪ್ಪ ಕುಡಿಯಬೇಕು. ಮೇವು ಬದಲಿಸಿ ಮೂರು ಪಟ್ಟು ಹೆಚ್ಚಿಸಿದರೂ ಕಾಲು ಕಿಲೋ ಹತ್ತಿರ ಬಂದು ನಿಲ್ಲುತ್ತದೆ. ಯಾವ ಜೀವಕ್ಕೂ ಅದು ಪಥ್ಯವಲ್ಲ.

ಹಾಗಾದರೆ ಮಾತ್ರೆ? ಇಲ್ಲಿ ಇನ್ನೊಂದು ತೊಡಕಿದೆ, ಮತ್ತು ಈ ತೊಡಕು ಬಾಟಲಿಯ ಮೇಲೆ ಎಲ್ಲೂ ಬರೆದಿರುವುದಿಲ್ಲ. ಹಾಲಿನಲ್ಲಿರುವ ಸಿ.ಎಲ್.ಎ.ಯ ಬಹುಪಾಲು ಒಂಬತ್ತು-ಹನ್ನೊಂದರ ರೂಪ. ಕುಸುಬೆ ಎಣ್ಣೆಯನ್ನು ಕ್ಷಾರದೊಂದಿಗೆ ಕಾಯಿಸಿ ಕಾರ್ಖಾನೆಯಲ್ಲಿ ಮಾಡುವ ಸಿ.ಎಲ್.ಎ.ಯಲ್ಲಿ ಎರಡು ರೂಪಗಳೂ ಹೆಚ್ಚುಕಡಿಮೆ ಸಮಪಾಲು. ಹತ್ತು-ಹನ್ನೆರಡರ ರೂಪ ಆಹಾರದಲ್ಲಿ ಇರುವುದು ತೀರಾ ಅಲ್ಪ. ಮೈಕೊಬ್ಬನ್ನು ಕರಗಿಸುವ ಗುಣ ಅದರದ್ದೇ. 1997ರಲ್ಲಿ ಪರೀಜಾ ತಂಡ ಸುಂಡಿಲಿಗಳಿಗೆ ಸಿ.ಎಲ್.ಎ. ತಿನ್ನಿಸಿ, ಅವುಗಳ ಮೈಕೊಬ್ಬು ಶೇ. 60ರ ಹತ್ತಿರ ಕಡಿಮೆಯಿರುವುದನ್ನು ಕಂಡಿತು. ಆ ಒಂದು ಅಂಕಿ ಇಡೀ ಕಥೆಯ ದಾರಿ ತಿರುಗಿಸಿತು. ವಿಸ್ಕಾನ್ಸಿನ್ನಿನ ಹಳೆಯ ವಿದ್ಯಾರ್ಥಿಗಳ ಸಂಶೋಧನಾ ಪ್ರತಿಷ್ಠಾನದ ಕೈಯಲ್ಲಿ ಪೇಟೆಂಟುಗಳಿದ್ದವು, ಮಾರುಕಟ್ಟೆ ತೂಕ ಇಳಿಸುವ ಮಾತ್ರೆಯನ್ನು ಬಾಚಿಕೊಂಡಿತು. ಮನುಷ್ಯರಲ್ಲಿ ಏನಾಯಿತು? ಅದೇ ಮ್ಯಾಡಿಸನ್ನಿನಲ್ಲಿ 2007ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಿನಕ್ಕೆ 3 ಗ್ರಾಮಿಗಿಂತ ತುಸು ಹೆಚ್ಚು ತೆಗೆದುಕೊಂಡವರಿಗೆ, ತೆಗೆದುಕೊಳ್ಳದವರಿಗಿಂತ ವಾರಕ್ಕೆ ಹೆಚ್ಚು ಕರಗಿದ ಕೊಬ್ಬು ಸುಮಾರು 90 ಗ್ರಾಂ. ಅದಕ್ಕೂ ಮುಂಚೆ, 2002ರಲ್ಲಿ, ಸ್ವೀಡನ್ನಿನ ರಿಸೆರಸ್ ಮತ್ತು ಸಂಗಡಿಗರು ಹೊಟ್ಟೆ ಬೊಜ್ಜಿನ ಗಂಡಸರಿಗೆ ಹತ್ತು-ಹನ್ನೆರಡರ ರೂಪವನ್ನಷ್ಟೇ ಕೊಟ್ಟಾಗ ಇನ್ಸುಲಿನ್ನಿಗೆ ಅವರ ಮೈ ಸ್ಪಂದಿಸುವುದು ಕುಗ್ಗಿತ್ತು. ದೊಡ್ಡಮ್ಮನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಇನ್ನೂ ಒಂದಿದೆ. 2007ರಲ್ಲಿ ಬಫಲೋದಲ್ಲೇ ಮಾರ್ಗೋ ಇಪ್ ತಂಡ, ಸ್ತನದ ಗಡ್ಡೆ ಬೆಳೆಸುವ ಹರ್-2 ವಂಶವಾಹಿ ಅತಿಯಾಗಿ ಚುರುಕಾಗುವಂತೆ ಬೆಳೆಸಿದ ಸುಂಡಿಲಿಗಳಿಗೆ ಇದೇ ರೂಪವನ್ನು ಕೊಟ್ಟಾಗ ಗಡ್ಡೆ ಬೇರೆಡೆಗೆ ಹರಡುವುದು ಹೆಚ್ಚಾಯಿತು. ಒಂದು ಬಗೆಯ ಗಡ್ಡೆಯನ್ನು ತಡೆದ ಆಮ್ಲ ಇನ್ನೊಂದು ಬಗೆಯದಕ್ಕೆ ದಾರಿ ಮಾಡಿಕೊಟ್ಟಿತು. ಬಾಟಲಿಯನ್ನು ಮುಚ್ಚಿ ಇಡಿ ಎಂದು ನಾನು ದೊಡ್ಡಮ್ಮನಿಗೆ ಹೇಳಿದ್ದು ಈ ಎರಡು ಪ್ರಬಂಧಗಳನ್ನು ಓದಿದ ದಿನ.

ಇಲಿಯಿಂದ ಮನುಷ್ಯರ ಕಡೆಗೆ ಬಂದರೆ ಚಿತ್ರ ಮಸುಕಾಗುತ್ತದೆ. ಫಿನ್ಲೆಂಡಿನ ಅಧ್ಯಯನವೊಂದು ಸಿ.ಎಲ್.ಎ. ಹೆಚ್ಚಿದ್ದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಕಡಿಮೆ ಎಂದಿತು. 2002ರಲ್ಲಿ ನೆದರ್ಲೆಂಡಿನ ಅಧ್ಯಯನ ಇಲ್ಲ, ತುಸು ಹೆಚ್ಚೇ ಎಂದಿತು. ಸ್ವೀಡನ್ನಿನದು ಎರಡೂ ಅಲ್ಲ ಎಂದಿತು. ಅದೇ ಸ್ವೀಡನ್ನಿನ 60,000ಕ್ಕೂ ಹೆಚ್ಚು ಹೆಂಗಸರ ಪಟ್ಟಿಯಲ್ಲಿ, ಕೆನೆಭರಿತ ಹಾಲು, ಚೀಸ್ ಹೆಚ್ಚು ತಿಂದವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಕಡಿಮೆಯಿದ್ದದ್ದು 2005ರಲ್ಲಿ ಕಂಡಿತು. ಹಾಲಿನಲ್ಲಿ ಕ್ಯಾಲ್ಸಿಯಂ ಇದೆ, ಬೇರೆ ಹತ್ತಾರು ಇವೆ. ಶ್ರೇಯಸ್ಸು ಯಾವುದಕ್ಕೆ ಸಲ್ಲಬೇಕೆಂದು ಇಂಥ ಪಟ್ಟಿಯಿಂದ ಬಿಡಿಸಿ ಹೇಳಲಾಗದು.

ಒಟ್ಟು ಕೊಬ್ಬಿನ ಕಥೆಯೂ ಹೀಗೇ ಸಡಿಲವಾಯಿತು. ಹಾರ್ವರ್ಡಿನ ವಾಲ್ಟರ್ ವಿಲೆಟ್ 1987ರಲ್ಲಿ 89,538 ದಾದಿಯರ ಊಟದ ದಾಖಲೆ ಮುಂದಿಟ್ಟು, ಕೊಬ್ಬು ಹೆಚ್ಚು ತಿಂದವರಿಗೂ ಕಡಿಮೆ ತಿಂದವರಿಗೂ ಸ್ತನ ಕ್ಯಾನ್ಸರಿನಲ್ಲಿ ವ್ಯತ್ಯಾಸವಿಲ್ಲ ಎಂದರು. 1996ರಲ್ಲಿ ಏಳು ಅಧ್ಯಯನಗಳ ಮೂರು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿ ನೋಡಿದಾಗಲೂ ಅದೇ. ನೆನಪಿನಿಂದ ಹೇಳಿದ ಊಟವನ್ನು ನಂಬುವುದು ಹೇಗೆ ಎಂದವರಿಗಾಗಿ ಅಮೆರಿಕ ಸರಕಾರ 48,835 ಹೆಂಗಸರನ್ನು ಸೇರಿಸಿ ನೇರ ಪ್ರಯೋಗವನ್ನೇ ಮಾಡಿಸಿತು. ಕೊಬ್ಬನ್ನು ಶೇ. 20ಕ್ಕೆ ಇಳಿಸುವುದು ಗುರಿ. ಸುಮಾರು ಶೇ. 38ರಲ್ಲಿದ್ದದ್ದು ಮೊದಲ ವರ್ಷ 24ಕ್ಕೆ ಇಳಿದು, ಆರನೆಯ ವರ್ಷಕ್ಕೆ 29ರ ಹತ್ತಿರ ಏರಿ ಕುಳಿತಿತು. ವರ್ಷಗಟ್ಟಲೆ ಪಾಠ ಹೇಳಿಸಿಕೊಂಡು, ತಟ್ಟೆಯ ಲೆಕ್ಕ ಬರೆದಿಟ್ಟವರಿಗೇ ನಾಲಿಗೆಯನ್ನು ಹಿಡಿಯಲು ಇಷ್ಟು ಕಷ್ಟವಾಯಿತು ಎಂದು ಓದಿದಾಗ, ಮನೆಯ ರೋಗಿ ಒಂದು ಹೋಳಿಗೆ ಹೆಚ್ಚು ತಿಂದಳೆಂದು ಗದರುವವರ ನೆನಪಾಗಿ ಮನಸ್ಸು ನೊಂದಿತು. ಎಂಟು ವರ್ಷದ ಕೊನೆಗೆ, 2006ರಲ್ಲಿ, ಸ್ತನ ಕ್ಯಾನ್ಸರ್ ಶೇ. 9ರಷ್ಟು ಕಡಿಮೆ ಕಂಡಿತು. ಅದು ಆಕಸ್ಮಿಕವೂ ಇರಬಹುದಾದಷ್ಟು ಸಣ್ಣ ಅಂತರ. ಅದೇ ಹೆಂಗಸರನ್ನು ಇಪ್ಪತ್ತು ವರ್ಷದವರೆಗೆ ಗಮನಿಸಿದಾಗ ಸ್ತನ ಕ್ಯಾನ್ಸರಿನಿಂದ ಸತ್ತವರ ಪ್ರಮಾಣ ಪಥ್ಯದ ಗುಂಪಿನಲ್ಲಿ ಸುಮಾರು ಐದನೇ ಒಂದು ಪಾಲು ಕಡಿಮೆಯಿತ್ತು. ಆ ಗುಂಪು ಕೊಬ್ಬು ಬಿಟ್ಟದ್ದಷ್ಟೇ ಅಲ್ಲ, ತರಕಾರಿ, ಹಣ್ಣು, ಧಾನ್ಯಗಳನ್ನು ಹೆಚ್ಚಿಸಿಕೊಂಡಿತ್ತು, ತೂಕವೂ ಸ್ವಲ್ಪ ಇಳಿದಿತ್ತು.

ಮೀನೆಣ್ಣೆಯ ವಿಷಯ ಬೇಗ ಮುಗಿಯುತ್ತದೆ. 2018ರಲ್ಲಿ 25,871 ಜನರ ಮೇಲಿನ ಪ್ರಯೋಗದಲ್ಲಿ ದಿನಕ್ಕೊಂದು ಗ್ರಾಂ ಮೀನೆಣ್ಣೆಯ ಒಮೆಗಾ-3 ಕ್ಯಾನ್ಸರನ್ನು ತಡೆಯಲಿಲ್ಲ.

ನಮ್ಮ ದೇಶದ ತುಪ್ಪದ ಬಗ್ಗೆ ಹರಿಯಾಣದ ಕರ್ನಾಲಿನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ ರೀತಾ ರಾಣಿ ಮತ್ತು ವಿನೋದ್ ಕನ್ಸಲ್ ಮಾಡಿದ ಕೆಲಸವಿದೆ. 2011ರಲ್ಲಿ ಅವರು ಹಸುವಿನ ತುಪ್ಪ ತಿಂದ ಇಲಿಗಳಲ್ಲಿ ಸೋಯಾ ಎಣ್ಣೆ ತಿಂದವಕ್ಕಿಂತ ಸ್ತನದ ಗಡ್ಡೆ ಕಡಿಮೆ ಎಂದು ತೋರಿಸಿದರು. ತುಪ್ಪದ ಜಾಹೀರಾತುಗಳಿಗೆ ಇಂಥ ಫಲ ಹಬ್ಬದೂಟ. ಆದರೆ ಹೋಲಿಕೆ ನಡೆದದ್ದು ಲಿನೋಲಿಯಿಕ್ ಆಮ್ಲ ತುಂಬಿದ ಎಣ್ಣೆಯ ಜೊತೆ. ತುಪ್ಪ ಕಾಪಾಡಿತೋ, ಇಪ್ 1985ರಲ್ಲಿ ಕಂಡಂತೆ ಎಣ್ಣೆ ಬೆಳೆಸಿತೋ ಎಂದು ಕೇಳಲೇಬೇಕು. ಹಾಗೆಂದು ಅಡುಗೆ ಎಣ್ಣೆಗೆ ಹೆದರಬೇಕಿಲ್ಲ. ಡಚ್ ಸಂಶೋಧಕರಾದ ಝಾಕ್ ಮತ್ತು ಕಾಟಾನ್ 1998ರಲ್ಲಿ ಮನುಷ್ಯರ ಅಧ್ಯಯನಗಳನ್ನೆಲ್ಲ ಜಾಲಾಡಿದಾಗ, ಲಿನೋಲಿಯಿಕ್ ಆಮ್ಲ ತಿನ್ನುವುದರಿಂದ ಸ್ತನ ಕ್ಯಾನ್ಸರ್ ಹೆಚ್ಚುವ ಸುಳಿವು ಸಿಗಲಿಲ್ಲ. ಇಲಿಯಲ್ಲಿ ಕಂಡ ಕೇಡು ಮನುಷ್ಯರಲ್ಲಿ ಕಾಣದಿದ್ದ ಮೇಲೆ, ಇಲಿಯಲ್ಲಿ ಕಂಡ ಒಳಿತು ಮಾತ್ರ ಹಾಗೇ ನಮ್ಮ ಪಾಲಿಗೆ ಬರುತ್ತದೆಂದು ನಂಬುವುದು ಹೇಗೆ?

ಇಷ್ಟು ಹೊತ್ತೂ ಕಣ್ಣಿದ್ದದ್ದು ತಟ್ಟೆಯ ಮೇಲೆ. ಗಡ್ಡೆಯ ಕಡೆಯಿಂದ ನೋಡಿದವರೂ ಇದ್ದಾರೆ. 1953ರಲ್ಲೇ ಗ್ರೇಸ್ ಮೆಡಿಸ್, ಗಡ್ಡೆಯ ಜೀವಕೋಶಗಳು ರಕ್ತದಲ್ಲಿ ಬಂದ ಕೊಬ್ಬಿಗೆ ಕಾಯದೆ ತಮ್ಮ ಕೊಬ್ಬನ್ನು ತಾವೇ ತಯಾರಿಸಿಕೊಳ್ಳುತ್ತವೆ ಎಂದು ತೋರಿಸಿದ್ದರು. 1994ರಲ್ಲಿ ಫ್ರಾನ್ಸಿಸ್ ಕುಹಾಜ್ಡಾ ತಂಡ, ಕೆಟ್ಟ ಬಗೆಯ ಸ್ತನ ಗಡ್ಡೆಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದ ಪ್ರೋಟೀನೊಂದು ಕೊಬ್ಬು ಕಟ್ಟುವ ಕಿಣ್ವವೇ ಎಂದು ಗುರುತಿಸಿತು. ಹೊರಗಿನ ಜಿಡ್ಡನ್ನು ಪೂರಾ ನಿಲ್ಲಿಸಿದರೂ ಗಡ್ಡೆ ಉಪವಾಸ ಬೀಳುವುದಿಲ್ಲ. ಅನ್ನದ ಸಕ್ಕರೆಯಿಂದಲೇ ತನಗೆ ಬೇಕಾದ ಕೊಬ್ಬನ್ನು ನೇಯ್ದುಕೊಳ್ಳುತ್ತದೆ. ಇನ್ನೊಂದು ಕಡೆ ಬಾರ್ಸಿಲೋನಾದ ಸಾಲ್ವಡೋರ್ ಬೆನಿತಾ, ಹರಡುವ ಶಕ್ತಿಯುಳ್ಳ ಕೆಲವು ಜೀವಕೋಶಗಳು ಸಿಡಿ-36 ಎಂಬ ಬಾಗಿಲಿನ ಮೂಲಕ ಕೊಬ್ಬನ್ನು ಒಳಗೆಳೆದುಕೊಳ್ಳುತ್ತವೆ ಎಂದು 2017ರಲ್ಲಿ ಪ್ರಕಟಿಸಿದರು. ತಾಳೆ ಎಣ್ಣೆಯಲ್ಲಿ ಹೇರಳವಾಗಿರುವ ಪಾಮಿಟಿಕ್ ಆಮ್ಲವನ್ನು ಉಂಡ ಆ ಜೀವಕೋಶಗಳು, ಆಹಾರ ಬದಲಾದ ಮೇಲೂ ಹರಡುವ ಗುಣ ಉಳಿಸಿಕೊಂಡವು ಎಂದು ಅವರ ತಂಡ 2021ರಲ್ಲಿ ಸೇರಿಸಿತು. ಓಲಿಯಿಕ್, ಲಿನೋಲಿಯಿಕ್ ಆಮ್ಲಗಳಿಂದ ಹಾಗಾಗಲಿಲ್ಲ. ಇದೂ ಸುಂಡಿಲಿಗಳಲ್ಲಿ ಕಂಡದ್ದೇ. ನಮ್ಮ ಬೇಕರಿ, ಹೋಟೆಲುಗಳ ಕರಿಯುವ ಎಣ್ಣೆ ಬಹುಮಟ್ಟಿಗೆ ತಾಳೆಯದಾದ್ದರಿಂದ ಈ ದಾರಿಯ ಮೇಲೆ ನಾವು ಕಣ್ಣಿಡಬೇಕು.

ದೊಡ್ಡಮ್ಮನಿಗೆ ಕೊನೆಗೆ ನಾನು ಹೇಳಿದ್ದಿಷ್ಟು. ಬಿಸಿ ಅನ್ನಕ್ಕೆ ಒಂದು ಚಮಚ ತುಪ್ಪ ಹಾಕಿಕೊಳ್ಳಿ. ಅದು ಗಡ್ಡೆಯನ್ನು ಬೆಳೆಸುವುದೂ ಇಲ್ಲ, ಕರಗಿಸುವುದೂ ಇಲ್ಲ, ಕೀಮೋ ಆದ ಮೇಲೆ ಬಾಯಿ ಕಟ್ಟಿದಾಗ ಎರಡು ತುತ್ತು ಹೆಚ್ಚು ಇಳಿಸುತ್ತದೆ. ಬರೀ ಹೊಟ್ಟೆಗೆ ಬೇಡ. ಮಾತ್ರೆ ಬೇಡ. ಚಿಕಿತ್ಸೆ ಮುಗಿದ ಮೇಲೆ ತೂಕ ಏರದಂತೆ ನೋಡಿಕೊಳ್ಳಿ, ದಿನಾ ನಡೆಯಿರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2016ರಲ್ಲಿ ಮೈಬೊಜ್ಜನ್ನು 13 ಬಗೆಯ ಕ್ಯಾನ್ಸರಿಗೆ ತಳುಕು ಹಾಕಿದೆ, ಮುಟ್ಟು ನಿಂತ ಮೇಲಿನ ಸ್ತನ ಕ್ಯಾನ್ಸರೂ ಅದರಲ್ಲಿದೆ. ತಟ್ಟೆಯ ಕೊಬ್ಬಿಗಿಂತ ಸೊಂಟದ ಕೊಬ್ಬಿನ ಬಗ್ಗೆ ಸಾಕ್ಷ್ಯ ಗಟ್ಟಿಯಾಗಿದೆ. ಅವರು ಕೇಳಿಸಿಕೊಂಡು, "ಹಾಗಾದರೆ ಆ ವಿಜ್ಞಾನಿ ಕಂಡದ್ದು ಸುಳ್ಳೇನೋ?" ಎಂದರು.

ಸುಳ್ಳಲ್ಲ. ಮುಗಿದಿಲ್ಲ ಅಷ್ಟೇ. ಸಿ.ಎಲ್.ಎ.ಯನ್ನು ನಿಜವಾದ ರೋಗಿಗಳ ಗಡ್ಡೆಯವರೆಗೆ ಒಯ್ದ ಪ್ರಯೋಗವೊಂದು 2013ರಲ್ಲಿ ಪ್ರಕಟವಾಯಿತು. ಅಮೆರಿಕದ ಡಾರ್ಟ್‌ಮತ್‌ನಲ್ಲಿ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ ಸುಮಾರು ಎರಡು ಡಜನ್ ಹೆಂಗಸರಿಗೆ, ಕನಿಷ್ಠ ಹತ್ತು ದಿನ, ದಿನಕ್ಕೆ 7.5 ಗ್ರಾಂ ಸಿ.ಎಲ್.ಎ. ಕೊಟ್ಟರು. ಮೊದಲು ಸೂಜಿಯಿಂದ ತೆಗೆದಿದ್ದ ಚೂರನ್ನೂ ಆಮೇಲೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯನ್ನೂ ಹೋಲಿಸಿದಾಗ, ಗಡ್ಡೆ ತನ್ನ ಕೊಬ್ಬನ್ನು ತಾನೇ ಕಟ್ಟಿಕೊಳ್ಳಲು ನೆರವಾಗುವ ಸ್ಪಾಟ್-14 ಎಂಬ ಪ್ರೋಟೀನು ಇಳಿದಿತ್ತು. ಜೀವಕೋಶಗಳು ಎಷ್ಟು ಬೇಗ ಒಡೆದು ಹೆಚ್ಚುತ್ತಿವೆ ಎಂದು ತೋರಿಸುವ ಗುರುತೂ ಇಳಿದಿತ್ತು. ಹೋಲಿಸಲು ಮಾತ್ರೆ ಕೊಡದ ಇನ್ನೊಂದು ಗುಂಪು ಇರಲಿಲ್ಲ. ಹತ್ತು ದಿನದ ಆಚೆ ಏನಾಗುತ್ತಿತ್ತು ಎಂಬುದನ್ನು ನೋಡುವ ಅವಕಾಶವೂ ಇರಲಿಲ್ಲ, ಗಡ್ಡೆಯನ್ನು ತೆಗೆದಾಗಿತ್ತು.